ರಾಜಕೀಯ ಬೇಡ ಅಂದ್ರೆ ಪಾಠ ಹೇಗೆ?

ಬಿ.ಎ. ಓದುವವರನ್ನು ಕಂಡರೆ ಊರವರು ಕೇಳುವ ಮೊದಲ ಪ್ರಶ್ನೆ, ‘ಮುಂದೇನು?’. ಇತಿಹಾಸ, ರಾಜ್ಯಶಾಸ್ತ್ರ ಅಂದರಂತೂ ಮುಗಿಯಿತು. ‘ಕೆಎಎಸ್ ಮಾಡ್ತೀಯಾ?’ ಎಂದು ಒಬ್ಬರು. ‘ಏನೂ ಆಗದಿದ್ರೆ ಕೊನೆಗೆ ಬಿ.ಇಡಿ. ಮಾಡಿ ಟೀಚರ್ ಆಗು’ ಎಂದು ಇನ್ನೊಬ್ಬರು. ನಾನು ಆ ‘ಕೊನೆಗೆ’ಯನ್ನೇ ಮೊದಲು ಆರಿಸಿಕೊಂಡವಳು. ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಅತಿಥಿ ಶಿಕ್ಷಕಿಯಾಗಿ ಇದು ಎರಡನೇ ವರ್ಷ. ಕೆಲಸ ಕಾಯಂ ಅಲ್ಲ, ಗೌರವಧನ ಯಾವಾಗ ಬರುತ್ತದೋ ಗೊತ್ತಿಲ್ಲ. ಆದರೂ ಈ ವಿಷಯ ಕಲಿಸುವುದರಲ್ಲಿ ಎಷ್ಟೊಂದು ಇದೆ ಎಂಬುದನ್ನು ನನ್ನಂಥವರಿಗೆ ಹೇಳಬೇಕು ಅನಿಸುತ್ತಿದೆ.

ಸಮಾಜ ವಿಜ್ಞಾನ ಎಂದರೆ ಒಂದೇ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಮಕ್ಕಳ ಪಾಲಿಗೆ ಅದು ಇಸವಿಗಳನ್ನು ಬಾಯಿಪಾಠ ಮಾಡುವ ವಿಷಯ. ಏನೇ ಹೇಳಲು ಹೊರಟರೂ ‘ಮೇಡಂ, ಇದು ಪರೀಕ್ಷೆಗೆ ಬರ್ತೈತೇನ್ರಿ?’ ಎಂಬ ಪ್ರಶ್ನೆ ಎದುರಾಗುತ್ತದೆ.

ದಂಡಿ ಯಾತ್ರೆಯ ಪಾಠ ಮಾಡುವಾಗ ಈ ಪ್ರಶ್ನೆ ಬರಲಿಲ್ಲ. 1930ರ ಮಾರ್ಚ್ 12ರಂದು ಗಾಂಧೀಜಿಯವರ ಜೊತೆ ಸಾಬರಮತಿಯಿಂದ ಹೊರಟವರಲ್ಲಿ ನಮ್ಮ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಇದ್ದರು. ಆಗ ಅವರಿಗೆ 18 ವರ್ಷ. ಯಾತ್ರಿಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದು ಅವರ ಹೆಸರು ಹುಡುಕಿ ಎಂದೆ. ಯಾರಿಗೂ ಸಿಗಲಿಲ್ಲ. ಕರ್ನಾಟಕದ ಹೆಸರಿನ ಮುಂದೆ ಇದ್ದದ್ದು ‘ಮಹದೇವ ಮಾರ್ತಾಂಡ’. ‘ಇವರು ಬೇರೆ ಇರಬೇಕ್ರಿ’ ಎಂದ ಒಬ್ಬ. ತಂದೆಯ ಹೆಸರು ಮಾರ್ತಾಂಡಪ್ಪ ಎಂದು ತಿಳಿದಾಗ ಇಡೀ ತರಗತಿಗೆ ಹೊಳೆಯಿತು. ವಯಸ್ಸೂ ತಾಳೆಯಾಯಿತು. ಹೇಳಿದ್ದನ್ನು ಸುಮ್ಮನೆ ನಂಬದೆ, ‘ಇದು ನಮಗೆ ಹೇಗೆ ಗೊತ್ತು?’ ಎಂದು ಕೇಳುವುದನ್ನು ಅಂದು ಅವರೇ ಕಲಿತರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮಹದೇವಪ್ಪ ಗುಂಡಿಗೆ ಬಲಿಯಾದದ್ದನ್ನು ಅವರು ಆಮೇಲೆ ಮರೆತಿಲ್ಲ.

ಇತಿಹಾಸ ಸಲೀಸು. ಕಷ್ಟ ಇರುವುದು ರಾಜ್ಯಶಾಸ್ತ್ರದಲ್ಲಿ. ಅಲ್ಲಿ ಬರುವವರೆಲ್ಲ ಬದುಕಿರುವವರು, ಪಕ್ಕದ ಓಣಿಯವರು.

ಸ್ಥಳೀಯ ಸರ್ಕಾರದ ಪಾಠ ಮುಗಿಸಿ ಹೊರಬಂದಾಗ ಹುಡುಗಿಯೊಬ್ಬಳು ಹಿಂದೆಯೇ ಬಂದಳು. ‘ಮೇಡಂ, ನಮ್ಮವ್ವ ಪಂಚಾಯ್ತಿ ಮೆಂಬರ್ ಅದಾಳ್ರಿ. ಮೀಟಿಂಗಿಗೆ ನಮ್ಮಪ್ಪ ಹೋಗ್ತಾನ್ರಿ. ಹಂಗ ನಡೀತೈತೇನ್ರಿ?’ ಎಂದು ಮೆಲ್ಲಗೆ ಕೇಳಿದಳು.

ಅವಳ ಹೆಸರು ಎತ್ತದೆ ಮರುದಿನ ತರಗತಿಯಲ್ಲೇ ಪಂಚಾಯಿತಿ ಸಭೆ ನಡೆಸಿದೆವು. 73ನೇ ತಿದ್ದುಪಡಿ ಮಹಿಳೆಯರಿಗೆ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಂತೆ ಮೀಸಲಾತಿ ಕೊಟ್ಟದ್ದು, ಕರ್ನಾಟಕ ಅದನ್ನು ಶೇ 50ಕ್ಕೆ ಏರಿಸಿದ್ದು, ಎರಡನ್ನೂ ಮೊದಲೇ ಹೇಳಿದ್ದೆ. ಮಕ್ಕಳೇ ಅಧ್ಯಕ್ಷೆ, ಪಿಡಿಒ, ಸದಸ್ಯರಾದರು. ಸದಸ್ಯೆಯ ಗಂಡನ ಪಾತ್ರದ ಹುಡುಗ ಹಿಂದಿನಿಂದ ಎದ್ದು ಉತ್ತರ ಕೊಡಲು ಹೋದ. ಅಧ್ಯಕ್ಷೆಯಾಗಿದ್ದವಳು ‘ನೀವು ಮೆಂಬರ್ ಅಲ್ರಿ, ಹೊರಗ ಕುಂದರ್ರಿ’ ಎಂದಳು. ತರಗತಿ ನಕ್ಕಿತು. ಪ್ರಶ್ನೆ ಕೇಳಿದ್ದ ಹುಡುಗಿ ನಗಲಿಲ್ಲ, ಏನೋ ಬರೆದುಕೊಳ್ಳುತ್ತಿದ್ದಳು.

ಮೂರು ದಿನಕ್ಕೆ ಅವಳ ಅಪ್ಪ ಶಾಲೆಗೆ ಬಂದರು. ‘ಸಾಲಿಯೊಳಗ ರಾಜಕೀಯ ಯಾಕ್ರಿ ಟೀಚರ?’ ಎಂದರು. ನಾನು ಪಠ್ಯಪುಸ್ತಕ ತೆರೆದು ಅವರ ಮುಂದೆ ಇಟ್ಟೆ. ‘ಪಾಠ ಇಲ್ಲೇ ಐತ್ರಿ. ನಾನು ನಿಮ್ಮ ಮನೀ ಸುದ್ದಿ ತೆಗೆದಿಲ್ಲ, ಯಾವ ಪಕ್ಷದ ಸುದ್ದಿನೂ ತೆಗೆದಿಲ್ಲ’ ಎಂದೆ. ಮುಖ್ಯೋಪಾಧ್ಯಾಯರು ಅವರನ್ನು ಕೂರಿಸಿ ಚಹಾ ತರಿಸಿದರು. ಅವರು ಆ ಪುಟವನ್ನು ಓದಿದರು, ಏನೂ ಹೇಳದೆ ಎದ್ದು ಹೋದರು. ಕಾಯಂ ಅಲ್ಲದ ಕೆಲಸದಲ್ಲಿ ಇಂಥ ದಿನ ಎದೆ ಹೊಡೆದುಕೊಳ್ಳುತ್ತದೆ ನಿಜ. ಆ ತಾಯಿ ಈಗ ಸಭೆಗೆ ಹೋಗುತ್ತಾರೋ ಇಲ್ಲವೋ, ನಾನು ಕೇಳಿಲ್ಲ. ಕೇಳುವುದು ನನ್ನ ಕೆಲಸವೂ ಅಲ್ಲ. ಮಗಳು ಮಾತ್ರ ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ.

ಅಂದಿನಿಂದ ಮೂರು ಗೆರೆ ಹಾಕಿಕೊಂಡಿದ್ದೇನೆ. ಯಾವ ಪಕ್ಷವನ್ನೂ ಹೊಗಳುವುದಿಲ್ಲ, ತೆಗಳುವುದಿಲ್ಲ. ಯಾವ ಮಗುವಿನ ಮನೆಯನ್ನೂ ಉದಾಹರಣೆ ಮಾಡುವುದಿಲ್ಲ. ಸಂವಿಧಾನದಲ್ಲಿ, ಕಾನೂನಿನಲ್ಲಿ ಇರುವುದನ್ನು ಯಾರಿಗೂ ಹೆದರಿ ಅರ್ಧಕ್ಕೆ ನಿಲ್ಲಿಸುವುದಿಲ್ಲ. ‘ನೀವು ಯಾರಿಗೆ ಓಟು ಹಾಕ್ತೀರ್ರಿ?’ ಎಂದು ಮಕ್ಕಳು ಕೇಳಿದರೆ, ಅದೇ ನೆಪದಲ್ಲಿ ಗುಪ್ತ ಮತದಾನ ಏಕೆ ಬಂತು ಎಂಬ ಪಾಠ ಶುರು ಮಾಡುತ್ತೇನೆ.

ಇಷ್ಟೆಲ್ಲ ಏಕೆಂದರೆ, ಹತ್ತನೇ ತರಗತಿ ಮುಗಿದ ಮೇಲೆ ಒಬ್ಬ ಐಟಿಐಗೆ, ಇನ್ನೊಬ್ಬಳು ವಿಜ್ಞಾನಕ್ಕೆ, ಮತ್ತೊಬ್ಬ ಹೊಲಕ್ಕೆ. ಅವರಲ್ಲಿ ಹೆಚ್ಚಿನವರಿಗೆ ಪ್ರಜಾಪ್ರಭುತ್ವದ ಬಗ್ಗೆ ಕೂತು ಕೇಳುವ ಪಾಠ ಇದೇ ಕೊನೆಯದು. 61ನೇ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿದೆ. ಅಂದರೆ ನನ್ನ ಮುಂದೆ ಕೂತವರು ಇನ್ನು ಮೂರು ವರ್ಷಕ್ಕೆ ಮತದಾರರು.

ಸ್ಪರ್ಧಾತ್ಮಕ ಪರೀಕ್ಷೆಗೆಂದು ತಿದ್ದುಪಡಿಗಳ ಪಟ್ಟಿಯನ್ನು ಉರು ಹೊಡೆಯುತ್ತಿರುವ ಗೆಳೆಯರಿಗೆ ಒಂದು ಮಾತು. ಪದವಿ, ಆಮೇಲೆ ಎರಡು ವರ್ಷದ ಬಿ.ಇಡಿ., ಅದಾದ ಮೇಲೆ ನೇಮಕಾತಿಗಾಗಿ ಕಾಯುವುದು, ಈ ದಾರಿ ಉದ್ದವಿದೆ. ಸುಲಭದ ಕೆಲಸ ಎಂದುಕೊಂಡು ಬರಬೇಡಿ. ಓದಿದ್ದನ್ನು ಹದಿನೈದರ ಹುಡುಗಿಗೆ ಅರ್ಥವಾಗುವಂತೆ ಹೇಳಬಲ್ಲೆ, ಅವಳ ಪ್ರಶ್ನೆಗೆ ಬೆನ್ನು ತೋರಿಸುವುದಿಲ್ಲ ಎಂಬ ಧೈರ್ಯ ಇದ್ದರೆ ಬನ್ನಿ. ಶಾಲೆಗೆ ನಿಮ್ಮ ಅಗತ್ಯವಿದೆ.