ಐದು ಎಲ್ಲರದು, ಎರಡು ನಮ್ಮದು

ಮೂರೆಲೆ ಆಡಿ ಪಳಗಿದ ಮನೆಯಲ್ಲಿ ಟೆಕ್ಸಸ್ ಹೋಲ್ಡೆಮ್ ಎಂಬ ಪೋಕರ್ ಆಟ ಕಲಿಸಲು ಕೂತರೆ ಮೊದಲ ಅರ್ಧ ಗಂಟೆಯೊಳಗೆ ಒಂದು ಜಗಳ ಖಾತ್ರಿ. ‘ಸೀಕ್ವೆನ್ಸ್ ಇಟ್ಟುಕೊಂಡು ಕಲರ್‌ಗೆ ಸೋಲೋದಾ? ಇದ್ಯಾವ ಊರ ನ್ಯಾಯ?’ ಎಂದು ಯಾರಾದರೊಬ್ಬ ಮಾವ ಎಲೆಗಳನ್ನು ಚಾಪೆಗೆ ಎಸೆಯುತ್ತಾರೆ. ಅವರ ಸಿಟ್ಟಿಗೆ ಕಾರಣವಿದೆ. ಮೂರೆಲೆಯಲ್ಲಿ ಒಂದೇ ಗುರುತಿನ ಎಲೆಗಳ ಕಲರ್‌ಗಿಂತ ಸಾಲಾಗಿ ಬರುವ ಅಂಕಿಗಳ ಸೀಕ್ವೆನ್ಸೇ ದೊಡ್ಡದು. 52 ಎಲೆಗಳಿಂದ ಮೂರನ್ನು ಆರಿಸಿದರೆ 22,100 ಬಗೆಯ ಕೈಗಳಾಗುತ್ತವೆ. ಅವುಗಳಲ್ಲಿ ಬರೀ ಸೀಕ್ವೆನ್ಸ್ 720, ಬರೀ ಕಲರ್ 1,096. ಯಾವುದು ಅಪರೂಪವೋ ಅದಕ್ಕೆ ಬೆಲೆ ಹೆಚ್ಚು. ಎಲೆ ಐದಾದ ಕೂಡಲೇ ಲೆಕ್ಕ ಮಗುಚಿಕೊಳ್ಳುತ್ತದೆ: 25,98,960 ಕೈಗಳಲ್ಲಿ ಸೀಕ್ವೆನ್ಸ್ 10,200 ಇದ್ದರೆ ಕಲರ್ 5,108 ಮಾತ್ರ. ಹೋಲ್ಡೆಮ್ ಐದೆಲೆಯ ಆಟ. ಇಲ್ಲಿ ಕಲರ್ ದೊಡ್ಡದು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಚಾಪೆಯ ಪಕ್ಕ ಇಟ್ಟರೆ ಅರ್ಧ ಕಲಿತಂತೆ.

ಬೆಂಗಳೂರಿನ ಪಶ್ಚಿಮ ಭಾಗದವರಿಗೆ ಇಸ್ಪೀಟು ಹೊಸದಲ್ಲ. ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ, ಕೆಂಗೇರಿ ಉಪನಗರದ ಎಷ್ಟೋ ಮನೆಗಳ ಬೇರು ಮಾಗಡಿ, ಕುಣಿಗಲ್, ರಾಮನಗರ, ಮಂಡ್ಯದ ಕಡೆ ಇದೆ. ಯುಗಾದಿಗೆ ಊರಿಗೆ ಹೋದರೆ ಹೊಸತೊಡಕಿನ ದಿನ ಮರದ ನೆರಳಲ್ಲಿ ಎಲೆ ಬೀಳಲೇಬೇಕು. ಶಿವರಾತ್ರಿಯ ಜಾಗರಣೆಗೆ ಇಲ್ಲಿನ ತಾರಸಿಗಳಲ್ಲಿ ಚೌಕಾಬಾರದ ಜೊತೆಗೆ ರಮ್ಮಿ, ಇಪ್ಪತ್ತೆಂಟು, ಕತ್ತೆ ಎಲ್ಲವೂ ನಡೆಯುತ್ತವೆ. ತೊಡಕು ಎಲ್ಲಿದೆಯೆಂದರೆ ಅಜ್ಜಿ ರಮ್ಮಿ ಬಿಟ್ಟು ಏಳುವುದಿಲ್ಲ, ಮಾವನಿಗೆ ಮೂರೆಲೆಯೇ ಆಗಬೇಕು, ಕಾಲೇಜಿನ ಹುಡುಗಿ ಮೊಬೈಲಿನಲ್ಲಿ ಪೋಕರ್ ಕಲಿತಿದ್ದಾಳೆ. ಮೂವರನ್ನೂ ಒಂದೇ ಚಾಪೆಗೆ ಕೂರಿಸುವ ಆಟ ಹೋಲ್ಡೆಮ್ ಎಂಬುದು ನನ್ನ ವಾದ. ರಮ್ಮಿಯವರ ಎಣಿಕೆ, ಮೂರೆಲೆಯವರ ಧೈರ್ಯ ಎರಡೂ ಇದಕ್ಕೆ ಬೇಕು.

ಆಟದ ಸಾರ ಇಷ್ಟು. ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಹಂಚುತ್ತಾರೆ. ಆಮೇಲೆ ನಡುವೆ ಐದು ಎಲೆಗಳನ್ನು ತೆರೆದಿಡುತ್ತಾರೆ. ಆ ಐದೂ ಎಲ್ಲರ ಸ್ವತ್ತು. ತನ್ನ ಎರಡು, ನಡುವಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮ ಐದನ್ನು ಜೋಡಿಸಿಕೊಂಡವರಿಗೆ ಎಲ್ಲರೂ ಕಟ್ಟಿದ್ದರ ರಾಶಿ. ತನ್ನದು ಎರಡೂ ಬಳಸಬಹುದು, ಒಂದು ಬಳಸಬಹುದು, ಒಂದನ್ನೂ ಬಳಸದೆ ನಡುವಿನ ಐದನ್ನೇ ತನ್ನ ಕೈ ಎನ್ನಬಹುದು. ಐದೂ ಒಟ್ಟಿಗೆ ಬೀಳುವುದಿಲ್ಲ. ಮೊದಲು ಮೂರು, ಅದಕ್ಕೆ ಫ್ಲಾಪ್ ಎನ್ನುತ್ತಾರೆ. ನಂತರ ಒಂದು, ಅದು ಟರ್ನ್. ಕೊನೆಗೆ ಇನ್ನೊಂದು, ರಿವರ್. ಪ್ರತಿ ಸಲ ತೆರೆಯುವ ಮುನ್ನ ಮೇಲಿನ ಒಂದು ಎಲೆಯನ್ನು ನೋಡದೆ ಪಕ್ಕಕ್ಕಿಡಬೇಕು. ಮೇಲಿನ ಎಲೆಯ ಬೆನ್ನಿಗೆ ಯಾರಾದರೂ ಗುರುತು ಹಾಕಿದ್ದರೂ ಪ್ರಯೋಜನವಾಗಬಾರದು ಅಂತ. ನೆಂಟರ ಮಧ್ಯೆ ಅಂಥ ಅನುಮಾನ ಬೇಡ ಎನ್ನುವವರು ಇದನ್ನು ಬಿಡಬಹುದು; ನಾನಂತೂ ಬಿಡುವುದಿಲ್ಲ.

ಕಟ್ಟುವುದಕ್ಕೆ ನಾಲ್ಕು ಅವಕಾಶ: ಎರಡು ಎಲೆ ನೋಡಿದ ಮೇಲೆ, ಫ್ಲಾಪ್ ಆದ ಮೇಲೆ, ಟರ್ನ್ ಆದ ಮೇಲೆ, ರಿವರ್ ಆದ ಮೇಲೆ. ಹಂಚಿದವರ ಎಡಗಡೆಯವರು ಚಿಕ್ಕ ಬ್ಲೈಂಡ್, ಅವರ ಪಕ್ಕದವರು ಅದರ ಎರಡರಷ್ಟು ದೊಡ್ಡ ಬ್ಲೈಂಡ್ ಕಡ್ಡಾಯವಾಗಿ ಇಡಬೇಕು. ಮೂರೆಲೆಯಲ್ಲಿ ಎಲೆ ನೋಡದೆ ಆಡುವ ಬ್ಲೈಂಡಿಗೂ ಇದಕ್ಕೂ ಸಂಬಂಧವಿಲ್ಲ. ಇದು ಅಲ್ಲಿ ಎಲ್ಲರೂ ಮೊದಲೇ ಇಡುವ ಬೂಟ್ ಇದ್ದ ಹಾಗೆ, ಇಬ್ಬರ ಮೇಲೆ ಮಾತ್ರ ಬೀಳುತ್ತದೆ ಅಷ್ಟೆ. ಉಳಿದವರು ಅಷ್ಟೇ ಇಟ್ಟು ಕಾಲ್ ಮಾಡಬಹುದು, ಏರಿಸಬಹುದು, ಕೈ ಬಿಟ್ಟು ಪ್ಯಾಕ್ ಆಗಬಹುದು. ಯಾರೂ ಕಟ್ಟಿಲ್ಲದಾಗ ಏನೂ ಇಡದೆ ‘ಚೆಕ್’ ಎಂದು ಮುಂದಿನವರಿಗೆ ದಾಟಿಸಬಹುದು. ಮುಂದಿನ ಆಟದಲ್ಲಿ ಹಂಚುವ ಸರದಿ ಎಡಕ್ಕೆ ಸರಿಯುತ್ತದೆ. ಫ್ಲಾಪಿನ ನಂತರ ಹಂಚಿದವರೇ ಕೊನೆಗೆ ಮಾತಾಡುವುದು, ಆದ್ದರಿಂದ ಅದು ಚಾಪೆಯ ಅತ್ಯುತ್ತಮ ಜಾಗ. ಎಲ್ಲರೂ ಏನು ಮಾಡಿದರೆಂದು ನೋಡಿ ತೀರ್ಮಾನಿಸುವ ಸುಖ ಸಣ್ಣದಲ್ಲ.

ಕೈಗಳ ಮೇಲು-ಕೀಳು ಕೆಳಗಿನಿಂದ ಮೇಲಕ್ಕೆ ಹೀಗೆ: ಏನೂ ಜೋಡಿಯಾಗದ ಬರೀ ದೊಡ್ಡ ಎಲೆ, ಒಂದು ಜೋಡಿ, ಎರಡು ಜೋಡಿ, ಒಂದೇ ಅಂಕಿಯ ಮೂರು, ಸೀಕ್ವೆನ್ಸ್, ಕಲರ್, ಮೂರು ಮತ್ತು ಜೋಡಿ ಸೇರಿದ ಫುಲ್‌ಹೌಸ್, ಒಂದೇ ಅಂಕಿಯ ನಾಲ್ಕು, ಕೊನೆಗೆ ಕಲರ್ ಸೀಕ್ವೆನ್ಸ್. ಮೂರೆಲೆಯವರಿಗೆ ಇಲ್ಲಿ ಇನ್ನೆರಡು ಆಘಾತ ಕಾದಿವೆ. ಅವರ ಆಟದಲ್ಲಿ ಎಲ್ಲಕ್ಕಿಂತ ಮೇಲಿರುವ ಒಂದೇ ಅಂಕಿಯ ಮೂರೆಲೆ ಇಲ್ಲಿ ಸೀಕ್ವೆನ್ಸಿಗೂ ಸೋಲುತ್ತದೆ. ಎಕ್ಕ-ಎರಡು-ಮೂರು ಅಲ್ಲಿ ಎರಡನೆಯ ದೊಡ್ಡ ಸೀಕ್ವೆನ್ಸ್. ಇಲ್ಲಿ ಎಕ್ಕದಿಂದ ಐದರವರೆಗಿನದು ಎಲ್ಲಕ್ಕಿಂತ ಸಣ್ಣದು.

ಒಂದು ಕೈ ಆಡಿ ನೋಡೋಣ. ಬಸವೇಶ್ವರನಗರದ ಒಂದು ತಾರಸಿ, ನಾಲ್ವರು, ತಲಾ 50 ಹುಣಸೆ ಬೀಜ ಎಂದಿಟ್ಟುಕೊಳ್ಳಿ. ಮಾವ ಹಂಚಿದ್ದಾರೆ. ಅತ್ತೆಯ ಚಿಕ್ಕ ಬ್ಲೈಂಡ್ 1, ಅಜ್ಜಿಯ ದೊಡ್ಡ ಬ್ಲೈಂಡ್ 2. ಹುಡುಗಿಗೆ ಇಸ್ಪೀಟಿನ ಎಕ್ಕ ಮತ್ತು ಹತ್ತು ಬಂದಿವೆ, 6ಕ್ಕೆ ಏರಿಸುತ್ತಾಳೆ. ಮಾವನ ಕೈಲಿ ಒಂಬತ್ತರ ಜೋಡಿ, ಒಂದು ಆಟೀನು, ಒಂದು ಕಳಾವರ, 6 ಇಡುತ್ತಾರೆ. ಅತ್ತೆ ಪ್ಯಾಕ್. ಅಜ್ಜಿಗೆ ಆಟೀನಿನ ರಾಜ, ಡೈಮನ್ ರಾಣಿ. ಇನ್ನು 4 ಸೇರಿಸುತ್ತಾರೆ. ರಾಶಿಯಲ್ಲಿ 19.

ಫ್ಲಾಪ್: ಇಸ್ಪೀಟಿನ ರಾಜ, ಇಸ್ಪೀಟಿನ ನಾಲ್ಕು, ಡೈಮನ್ ಒಂಬತ್ತು. ಅಜ್ಜಿಗೆ ರಾಜರ ಜೋಡಿ ಆಯಿತು. ಮಾವನಿಗೆ ಮೂರು ಒಂಬತ್ತು, ಯಾರ ಕಣ್ಣಿಗೂ ಕಾಣದ ಹಾಗೆ. ಹುಡುಗಿಗೆ ಏನೂ ಆಗಿಲ್ಲ, ಆದರೆ ನಾಲ್ಕು ಇಸ್ಪೀಟು ಸೇರಿವೆ, ಇನ್ನೊಂದು ಬಿದ್ದರೆ ಎಕ್ಕದ ಕಲರ್. ಅವಳಿಗೆ ಕಾಣದ 47 ಎಲೆಗಳಲ್ಲಿ ಇಸ್ಪೀಟು ಒಂಬತ್ತು. ಎರಡು ಎಲೆ ತೆರೆಯುವುದು ಬಾಕಿಯಿದ್ದಾಗ ಬೇಕಾದ ಎಲೆಗಳನ್ನು ನಾಲ್ಕರಿಂದ, ಒಂದೇ ಬಾಕಿಯಿದ್ದಾಗ ಎರಡರಿಂದ ಗುಣಿಸಿದರೆ ಶೇಕಡಾವಾರು ಸುಮಾರಾಗಿ ಸಿಗುತ್ತದೆ. ಒಂಬತ್ತು ನಾಲ್ಕಲೆ ಮೂವತ್ತಾರು. ನಿಜವಾದ ಲೆಕ್ಕ ಶೇ 35. ಅಜ್ಜಿ ಚೆಕ್ ಎನ್ನುತ್ತಾರೆ, ಹುಡುಗಿ 8 ಕಟ್ಟುತ್ತಾಳೆ, ಮಾವ ಏರಿಸದೆ ಸಾಧುವಿನಂತೆ 8 ಇಡುತ್ತಾರೆ, ಅಜ್ಜಿಯೂ 8. ರಾಶಿ 43.

ಟರ್ನ್‌ಗೆ ಕಳಾವರ ಎರಡು. ಅಜ್ಜಿ ಚೆಕ್, ಹುಡುಗಿ ಚೆಕ್, ಮಾವ 20 ದೂಡುತ್ತಾರೆ. ಅಜ್ಜಿ ಇಲ್ಲಿ ಕೈ ಬಿಡುತ್ತಾರೆ. ರಾಜರ ಜೋಡಿಯನ್ನು ಬಿಡುವುದು ಮೂರೆಲೆಯವರಿಗೆ ಜೀವ ಹೋದಂತೆ. ರಮ್ಮಿಯವರಿಗೆ ಅದು ಸಲೀಸು. 101ರ ರಮ್ಮಿಯಲ್ಲಿ ಮೊದಲ ಡ್ರಾಪಿಗೆ 20 ಅಂಕ ದಂಡ, ಮಧ್ಯದ ಡ್ರಾಪಿಗೆ 40, ಹಟ ಹಿಡಿದು ಕೂತರೆ 80ರವರೆಗೆ ಎಂಬ ಪಾಠವನ್ನು ಅಜ್ಜಿ ಎಂದೋ ಕಲಿತಿದ್ದಾರೆ. ಈಗ ಹುಡುಗಿಯ ಸರದಿ. 20 ಇಟ್ಟರೆ ರಾಶಿ 83 ಆಗುತ್ತದೆ. ಅಂದರೆ ನಾಲ್ಕು ಸಲಕ್ಕೊಮ್ಮೆಯಾದರೂ ಗೆಲ್ಲುವಂತಿದ್ದರೆ ಮಾತ್ರ ಇಡಬೇಕು. ಅವಳ ಅವಕಾಶ 46ರಲ್ಲಿ ಒಂಬತ್ತು, ಸುಮಾರು ಐದಕ್ಕೊಮ್ಮೆ. ಲೆಕ್ಕ ಬೇಡ ಎನ್ನುತ್ತದೆ, ಎಕ್ಕ ಬಾ ಎನ್ನುತ್ತದೆ. ಅವಳು ಇಡುತ್ತಾಳೆ.

ರಿವರ್: ಇಸ್ಪೀಟಿನ ಎರಡು. ಕಲರ್ ಬಂದೇ ಬಿಟ್ಟಿತು! ಉಳಿದ 16 ಬೀಜವನ್ನೂ ದೂಡುತ್ತಾಳೆ. ಮಾವ ಇಟ್ಟು ಎಲೆ ತಿರುಗಿಸುತ್ತಾರೆ: ಮೂರು ಒಂಬತ್ತು, ನಡುವೆ ಬಿದ್ದ ಎರಡರ ಜೋಡಿ, ಫುಲ್‌ಹೌಸ್. 115 ಬೀಜ ಮಾವನ ಕಡೆಗೆ. ಹುಡುಗಿ ಕಾಯುತ್ತಿದ್ದ ಎಲೆಯೇ ಮಾವನ ಕೈಯನ್ನೂ ಬೆಳೆಸಿತು. ಇಸ್ಪೀಟಿನ ಒಂಬತ್ತು ಬಿದ್ದಿದ್ದರೂ ಅಷ್ಟೆ, ಮಾವನಿಗೆ ನಾಲ್ಕು ಒಂಬತ್ತಾಗುತ್ತಿತ್ತು. ಅವಳು ಎಣಿಸಿದ ಒಂಬತ್ತು ಎಲೆಗಳಲ್ಲಿ ನಿಜಕ್ಕೂ ಅವಳ ಪರವಾಗಿದ್ದವು ಏಳೇ.

ನಡುವೆ ತೆರೆದ ಎಲೆಗಳಿರುವ ಆಟದ ಹುರುಳು ಇಲ್ಲಿದೆ. ರಮ್ಮಿಯಲ್ಲಿ ನಮ್ಮ ಕಣ್ಣು ಹೆಚ್ಚಾಗಿ ನಮ್ಮ ಹದಿಮೂರು ಎಲೆಗಳ ಮೇಲೆಯೇ. ಮೂರೆಲೆಯಲ್ಲಿ ಎದುರಿನವರ ಮುಖ ಬಿಟ್ಟು ಬೇರೆ ಸುಳಿವಿಲ್ಲ. ಇಲ್ಲಿ ಪ್ರತಿ ಕೈಯ ಬಹುಪಾಲು ಎಲ್ಲರಿಗೂ ಕಾಣುತ್ತಿರುತ್ತದೆ. ಎಲೆ ಬಿದ್ದಾಗ ‘ನನಗೇನು ಆಯಿತು’ ಎಂದು ನೋಡುವವರು ಸೋಲುತ್ತಾರೆ, ‘ಇದು ಯಾರಿಗೆ ಆಯಿತು’ ಎಂದು ಕೇಳುವವರು ಉಳಿಯುತ್ತಾರೆ. ನಡುವೆ ಜೋಡಿ ಬಿದ್ದರೆ ಫುಲ್‌ಹೌಸಿನ ಭಯವಿರಲಿ. ಒಂದೇ ಕಲರಿನ ಮೂರು ಬಿದ್ದರೆ ಸೀಕ್ವೆನ್ಸ್ ಹಿಡಿದು ಮೆರೆಯಬೇಡಿ. ಆರೇಳು ಜನ ಕೂತಿದ್ದರೆ ಹತ್ತರಲ್ಲಿ ಏಳು ಕೈಗಳನ್ನಾದರೂ ಮೊದಲೇ ಬಿಡಬೇಕೆಂಬುದು ನನ್ನ ಅಭಿಪ್ರಾಯ. ಕೈಗೆ ಯಾವುದಾದರೊಂದು ಜೋಡಿ ಬರುವುದೇ 17 ಸಲಕ್ಕೊಮ್ಮೆ, ಎಕ್ಕದ ಜೋಡಿ 221 ಸಲಕ್ಕೊಮ್ಮೆ. ಅದಕ್ಕೆ ಕಾಯುತ್ತಾ ಕೂತರೆ ಬೆಳಗಾಗುತ್ತದೆ, ಹಾಗಂತ ಎಂಟು-ಮೂರು ಹಿಡಿದು ಹೊರಟರೆ ಬೀಜ ಬರಿದಾಗುತ್ತದೆ.

ಬೀಜ ಯಾಕೆ, ಹಣ ಯಾಕಲ್ಲ ಎನ್ನುವವರಿಗೆ ಒಂದು ಮಾತು. ಹೋಲ್ಡೆಮ್‌ಗೆ ಹಣ ಬೇಕಿಲ್ಲ, ಕೊರತೆ ಬೇಕು. ಮುಗಿದವರಿಗೆ ಡಬ್ಬಿಯಿಂದ ಇನ್ನೊಂದು ಹಿಡಿ ಬೀಜ ಕೊಟ್ಟರೆ ಯಾರೂ ಪ್ಯಾಕ್ ಆಗುವುದಿಲ್ಲ, ಎಲ್ಲರೂ ರಿವರ್ ತನಕ ಬರುತ್ತಾರೆ, ಆಟ ಸತ್ತೇ ಹೋಗುತ್ತದೆ. ತಲಾ 50 ಎಂದರೆ 50, ಮುಗಿದವರು ಎದ್ದು ಕಾಫಿಗೆ ಡಿಕಾಕ್ಷನ್ ಇಳಿಸಲಿ.

ಹಣದ ಕಡೆ ಹೋದರೆ ಕಾನೂನಿನ ದಾರಿ ಅಂಕುಡೊಂಕು. ಅಪರಾಧ ಸುದ್ದಿಗಳಲ್ಲಿ ಸದಾ ಕಾಣುವ ಅಂದರ್-ಬಾಹರ್ ಬರೀ ಅದೃಷ್ಟ. ಎಲೆ ಒಳಗೋ ಹೊರಗೋ ಎಂಬಲ್ಲಿ ಆಡುವವರ ಬುದ್ಧಿಗೆ ಕೆಲಸವಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ಅಪರಾಧವೆಂದರೂ ಅದರ 176ನೇ ಸೆಕ್ಷನ್ ಕೌಶಲದ ಆಟಕ್ಕೆ ವಿನಾಯಿತಿ ಕೊಟ್ಟಿತ್ತು. ರಮ್ಮಿಯಲ್ಲಿ ಕೌಶಲವೇ ಹೆಚ್ಚು, ಮೂರೆಲೆಯ ಹಾಗಲ್ಲ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತು. ಆದರೆ ಕ್ಲಬ್ಬಿನವರು ಆಟದಿಂದ ಲಾಭ ಎತ್ತಿದರೆ ಅದು ಬೇರೆ ಮಾತು ಎಂದೂ ಅದೇ ತೀರ್ಪಿನಲ್ಲಿದೆ. ಪೋಕರಿನ ಸರದಿ ಬಂದದ್ದು 2013ರಲ್ಲಿ. ಇಂಡಿಯನ್ ಪೋಕರ್ ಅಸೋಸಿಯೇಷನ್‌ನ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್, ಕೌಶಲದ ಆಟವಾಗಿ ಆಡುವುದಾದರೆ ಲೈಸೆನ್ಸ್ ಬೇಕಿಲ್ಲ ಎಂದಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದೇ ಆಟವನ್ನು ಜೂಜು ಎಂದಿತು. ನಮ್ಮ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ಹೈಕೋರ್ಟ್ 2022ರ ಫೆಬ್ರವರಿ 14ರಂದು ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಆನ್‌ಲೈನ್ ಹಣದ ಆಟಗಳನ್ನು, ಕೌಶಲದವು ಅದೃಷ್ಟದವು ಎಂಬ ಭೇದವಿಲ್ಲದೆ, ನಿಷೇಧಿಸುವ ಕಾಯ್ದೆ ಮಾಡಿತು. ಮೊಬೈಲಿನ ಪೋಕರ್ ಕಂಪನಿಗಳು ಹಣದಾಟ ನಿಲ್ಲಿಸಿದವು. ಆ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಮೊದಲನೆಯವುಗಳಲ್ಲೊಂದು ನಮ್ಮ ಹೈಕೋರ್ಟಿನಲ್ಲೇ ದಾಖಲಾಗಿ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ಹುಣಸೆ ಬೀಜಕ್ಕೆ ಈ ಯಾವ ತಾಪತ್ರಯವೂ ಇಲ್ಲ.

ಆಟದ ತವರು ಅಮೆರಿಕದ ಟೆಕ್ಸಸ್‌ನ ರಾಬ್ಸ್‌ಟೌನ್ ಎಂದು ಅಲ್ಲಿನ ಶಾಸನಸಭೆ 2007ರಲ್ಲಿ ಒಪ್ಪಿಕೊಂಡಿದೆ. 1960ರ ದಶಕದಲ್ಲಿ ಅದು ಲಾಸ್ ವೇಗಸ್ ತಲುಪಿತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ಇಂಟರ್‌ನೆಟ್ಟಿನಲ್ಲಿ ಆಡಿ ಪ್ರವೇಶ ಗಿಟ್ಟಿಸಿ ಪೋಕರಿನ ವಿಶ್ವ ಸರಣಿಯಲ್ಲಿ 25 ಲಕ್ಷ ಡಾಲರ್ ಗೆದ್ದ ಮೇಲೆ ಜಗತ್ತೆಲ್ಲ ಹಬ್ಬಿತು. ಎಲೆಯಾಟದ ಹುಚ್ಚು ನಮಗೇನು ಹೊರಗಿನಿಂದ ಬರಬೇಕಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರು ಗಂಜೀಫಾಕ್ಕೆ ತಾವೇ ಹೊಸ ಹೊಸ ಆಟಗಳನ್ನು ರಚಿಸಿದ್ದರು. ಅವನ್ನು ಆಡಲು ಜಾಗರಣೆ ಒಂದು ಸಾಲುತ್ತಿರಲಿಲ್ಲ.

ಹೋಲ್ಡೆಮ್ ಕೈಗೆ ಹತ್ತಿದವರು ಒಮಾಹಾ ನೋಡಬಹುದು. ಅದರಲ್ಲಿ ಕೈಗೆ ನಾಲ್ಕು ಎಲೆ, ಆದರೆ ಅವುಗಳಲ್ಲಿ ಎರಡನ್ನೇ ಬಳಸಬೇಕು, ನಡುವಿನಿಂದ ಮೂರನ್ನೇ. ನಡುವೆ ನಾಲ್ಕು ಇಸ್ಪೀಟು ಬಿದ್ದು ಕೈಯಲ್ಲಿ ಇಸ್ಪೀಟಿನ ಎಕ್ಕ ಒಂಟಿಯಾಗಿದ್ದರೆ ಕಲರ್ ಆಗಲಿಲ್ಲ. ಇದನ್ನು ಮಾವನಿಗೆ ಅರ್ಥ ಮಾಡಿಸುವ ಹೊಣೆ ನನ್ನದಲ್ಲ.

ಮತ್ತೆ ಹೋಲ್ಡೆಮ್‌ಗೆ ಬಂದರೆ, ಬೀಜ ಕಡಿಮೆಯಾಗಿ ಇದ್ದದ್ದನ್ನೆಲ್ಲ ದೂಡಿದವರು ತಾವು ಇಟ್ಟಷ್ಟನ್ನೇ ಪ್ರತಿಯೊಬ್ಬರಿಂದಲೂ ಗೆಲ್ಲಬಹುದು, ಹೆಚ್ಚಿನದು ಮಿಕ್ಕವರ ನಡುವಿನ ವ್ಯವಹಾರ. ಇನ್ನು ಸಮಯದ್ದು. ಬ್ಲೈಂಡ್ 1-2ರಲ್ಲೇ ನಿಂತರೆ ಆಟ ಮುಗಿಯುವುದೇ ಇಲ್ಲ. ಅರ್ಧ ಗಂಟೆಗೊಮ್ಮೆ ದುಪ್ಪಟ್ಟು ಮಾಡಿದರೆ ಊಟಕ್ಕೆ ಮುಂಚೆ ಒಬ್ಬರು ಉಳಿಯುತ್ತಾರೆ. ಶಿವರಾತ್ರಿಗಾದರೆ ಜಾವಕ್ಕೊಮ್ಮೆ, ಅಭಿಷೇಕದ ಗಂಟೆ ಕೇಳಿದಾಗ ದುಪ್ಪಟ್ಟು ಮಾಡಿ: 1-2, 2-4, 4-8, ಕೊನೆಯ ಜಾವಕ್ಕೆ 8-16. ಅಷ್ಟು ಹೊತ್ತಿಗೆ 50 ಬೀಜ ಉಳಿಸಿಕೊಂಡವರಿಗೂ ಎರಡು ಸುತ್ತಿನ ಬ್ಲೈಂಡಿಗಷ್ಟೇ ಸಾಕಾಗುತ್ತದೆ. ಆಗ ಒಳ್ಳೆಯ ಕೈಗೆ ಕಾಯುವಂತಿಲ್ಲ. ಒಂದು ಎಕ್ಕ ಕಂಡರೂ ಸಾಕು, ಎಲ್ಲವನ್ನೂ ದೂಡಬೇಕು.