ಗ್ರಂಥಾಲಯಶಾಸ್ತ್ರದ ಅಧ್ಯಾಪಕರಿಗೆ ಸಂಶೋಧನಾ ಧನಸಹಾಯ: ದತ್ತಿ ಮತ್ತು ಅನುದಾನ

ಗ್ರಂಥಾಲಯಶಾಸ್ತ್ರವನ್ನು ಬೋಧಿಸುವವರು ಸ್ವತಃ ಸಂಶೋಧನೆಯನ್ನೂ ನಡೆಸಬೇಕೆಂಬ ವಿಚಾರವು ಬಹಳ ಪ್ರಾಚೀನವಾದುದಲ್ಲ. ಅಮೆರಿಕದ ಕಾರ್ನೆಗಿ ಕಾರ್ಪೊರೇಷನ್ 1926ರಲ್ಲಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ 10 ಲಕ್ಷ ಡಾಲರುಗಳನ್ನು ಒದಗಿಸಿದುದರ ಫಲವಾಗಿ, ಈ ಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಯನ್ನು ನೀಡುವ ಮೊದಲ ಶಾಲೆ ಅಲ್ಲಿ ಸ್ಥಾಪಿತವಾಯಿತು. ಅದಕ್ಕೆ ಮುಂಚಿನ ಶಾಲೆಗಳು ಬಹುಮಟ್ಟಿಗೆ ವೃತ್ತಿಶಿಕ್ಷಣಕ್ಕೇ ಮೀಸಲಾಗಿದ್ದವು.

ಇಂಥ ಧನಸಹಾಯದಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಮೂಲಧನವನ್ನು ಮುಟ್ಟದೆ ಅದರ ಆದಾಯದಿಂದ ಕಾರ್ಯವನ್ನು ನಡೆಸುವುದು ದತ್ತಿ; ಗೊತ್ತಾದ ಕಾರ್ಯಕ್ಕೆ, ಗೊತ್ತಾದ ಅವಧಿಗೆ, ಅರ್ಜಿಯನ್ನು ಪರಿಶೀಲಿಸಿ ಕೊಡುವುದು ಅನುದಾನ. ಇಂದು ಎರಡನೆಯದೇ ಹೆಚ್ಚು ಪ್ರಚಲಿತ. ಗ್ರಂಥಾಲಯಗಳ ಸಹಕಾರಿ ಸಂಸ್ಥೆಯಾದ ಓಸಿಎಲ್‌ಸಿಯು ಅಲೈಸ್ ಎಂಬ ಅಧ್ಯಾಪಕ ಸಂಘದೊಡನೆ ಕೂಡಿ ನೀಡುತ್ತಿದ್ದ ಅನುದಾನದ ಗರಿಷ್ಠ ಮೊತ್ತ 2019ರಲ್ಲಿ 25,000 ಡಾಲರು. ಕಾರ್ಯಾವಧಿ ಸಾಮಾನ್ಯವಾಗಿ ಒಂದು ವರ್ಷ. ಪ್ರಶ್ನಾವಳಿಯನ್ನು ಹಂಚಿ ಉತ್ತರಗಳನ್ನು ಸಂಗ್ರಹಿಸುವುದಕ್ಕೆ ಇಷ್ಟು ಸಾಕು. ಒಂದು ವರ್ಗೀಕರಣ ಪದ್ಧತಿಯನ್ನು ರೂಪಿಸಿ, ಗ್ರಂಥರಾಶಿಯ ಮೇಲೆ ಪ್ರಯೋಗಿಸಿ, ದೋಷಗಳನ್ನು ಕಂಡು ತಿದ್ದುವುದಕ್ಕೆ ಸಾಲದು. ಅಂತ್ಯಪುಷ್ಪಿಕೆಯಿಲ್ಲದ ಒಂದೇ ಓಲೆಕಟ್ಟಿನ ಕರ್ತೃನಿರ್ಣಯಕ್ಕೆ ತಿಂಗಳುಗಟ್ಟಲೆ ಕಳೆದಿರುವ ವಿದ್ವಾಂಸರಿಗೆ ಈ ಅಂತರವನ್ನು ವಿವರಿಸಬೇಕಾಗಿಲ್ಲ.

ಅನುದಾನಕ್ಕೆ ಇನ್ನೊಂದು ತೊಡಕೂ ಉಂಟು. ಅಮೆರಿಕದ ಕೇಂದ್ರ ಸರ್ಕಾರದ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ ಸೇವಾಸಂಸ್ಥೆಯು 2003ರಲ್ಲಿ ಆರಂಭವಾದ ಲಾರಾ ಬುಷ್ ಯೋಜನೆಯ ಮೂಲಕ ಎಳೆಯ ಅಧ್ಯಾಪಕರ ಸಂಶೋಧನೆಗೂ ನೆರವಾಗುತ್ತಿತ್ತು. 2025ರ ಮಾರ್ಚಿಯಲ್ಲಿ ಆ ಸಂಸ್ಥೆಯನ್ನೇ ಕುಗ್ಗಿಸುವಂತೆ ರಾಷ್ಟ್ರಾಧ್ಯಕ್ಷರ ಆಜ್ಞೆಯಾಯಿತು. ಮರುತಿಂಗಳೇ ಅದು ನೀಡಿದ್ದ ಅನೇಕ ಅನುದಾನಗಳು ನಡುವಿನಲ್ಲಿ ರದ್ದಾದವು. ಪ್ರಕರಣವು ನ್ಯಾಯಾಲಯಗಳ ಮೆಟ್ಟಿಲೇರಿತು.

ಭಾರತದಲ್ಲಿ ಈ ವಿಷಯವನ್ನು ಮೊದಲೇ ಮನಗಂಡವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ತಮ್ಮ ಜೀವಮಾನದ ಉಳಿತಾಯದಿಂದ 1 ಲಕ್ಷ ರೂಪಾಯಿಗಳನ್ನು 1950ರ ದಶಕದಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯಶಾಸ್ತ್ರದ ಪ್ರಾಧ್ಯಾಪಕ ಪೀಠಕ್ಕೆ ಆಧಾರ ಕಲ್ಪಿಸಿದರು. ವೇತನದಿಂದ ಉಳಿಸಿದ ಹಣವು ಹೀಗೆ ಮತ್ತೊಬ್ಬ ಅಧ್ಯಾಪಕನ ವೇತನಕ್ಕೆ ಸಂದಿತು. ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ಶಾರದಾ ರಂಗನಾಥನ್ ದತ್ತಿಯು, 1962ರಲ್ಲಿ ಅಲ್ಲಿಯೇ ಆರಂಭವಾದ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರದೊಡನೆ ಕೂಡಿ, 1964ರಿಂದ ಸಂಶೋಧನಾ ಪತ್ರಿಕೆಯೊಂದನ್ನು ಹೊರತಂದಿತು. 1933ರಲ್ಲಿ ಮೊದಲು ಪ್ರಕಟವಾದ ಅವರ ದ್ವಿಬಿಂದು ವರ್ಗೀಕರಣದ ಏಳನೆಯ ಆವೃತ್ತಿ ಹೊರಬಂದುದು 1987ರಲ್ಲಿ, ಅವರು ದಿವಂಗತರಾದ 15 ವರ್ಷಗಳ ಅನಂತರ. ಅದನ್ನು ಸಂಪಾದಿಸಿದವರು ಅದೇ ಕೇಂದ್ರದ ಎಂ. ಎ. ಗೋಪೀನಾಥ್.

ಹಾಗೆಂದು ದತ್ತಿಯೇ ಸರ್ವಥಾ ಶ್ರೇಷ್ಠವೆನ್ನಲಾಗದು. ಅಂದಿನ 1 ಲಕ್ಷದ ಬಡ್ಡಿಯು ಇಂದು ಪ್ರಾಧ್ಯಾಪಕನೊಬ್ಬನ ಒಂದು ತಿಂಗಳ ವೇತನಕ್ಕೂ ಸಾಲದು. ಅಷ್ಟು ದೊಡ್ಡ ನಿಧಿಯಿಂದ ಹುಟ್ಟಿದ ಷಿಕಾಗೋ ಶಾಲೆಯೂ 1980ರ ದಶಕ ಮುಗಿಯುವ ಹೊತ್ತಿಗೆ ಮುಚ್ಚಿಹೋಯಿತು.

ಇವೆರಡರ ನಡುವೆ, ಹಿಡಿದ ಕಾರ್ಯವು ಮುಗಿಯುವವರೆಗೆ ನಡೆಸುವ ನಿಧಿಯೆಂಬ ಮೂರನೆಯ ಬಗೆಯೂ ಸಾಧ್ಯ. ಇದಕ್ಕೆ ನಿದರ್ಶನವು ಗ್ರಂಥಾಲಯಶಾಸ್ತ್ರದ ಹೊರಗಿನದಾದರೂ ಈ ಪತ್ರಿಕೆಯ ವಾಚಕರಿಗೆ ಪರಿಚಿತವಾದುದೇ. ವಿದಿಶೆಯ ಶ್ರೀಮಂತ ಸೇಠ್ ಶಿತಾಬರಾಯ್ ಲಕ್ಷ್ಮೀಚಂದ್ರರ ನಿಧಿಯ ಆಶ್ರಯದಲ್ಲಿ, ಅಮರಾವತಿಯ ಕಾಲೇಜಿನ ಅಧ್ಯಾಪಕರಾಗಿದ್ದ ಹೀರಾಲಾಲ್ ಜೈನರು 1939ರಲ್ಲಿ ಧವಲಾಟೀಕಾಸಹಿತ ಷಟ್‌ಖಂಡಾಗಮದ ಮೊದಲ ಸಂಪುಟವನ್ನು ಪ್ರಕಟಿಸಿದರು. ಹದಿನಾರು ಸಂಪುಟಗಳು ಪೂರ್ಣವಾಗಲು ಸುಮಾರು 20 ವರ್ಷಗಳು ಹಿಡಿದವು.