ಇಳಿವಯಸ್ಸಿನ ಕೃಷಿ ಕೂಲಿಕಾರರಿಗೆ ಹಗುರ ಕಸುಬಿನ ತರಬೇತಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದೆ. ರಾಗಿ, ಶೇಂಗಾ, ಮುಸುಕಿನ ಜೋಳದ ಜೊತೆಗೆ ನೀರಿನ ಅನುಕೂಲವಿರುವೆಡೆ ಅಡಿಕೆ, ತೆಂಗು, ದಾಳಿಂಬೆ ತೋಟಗಳಿವೆ. ಉಳುಮೆಗೂ ಒಕ್ಕಣೆಗೂ ಯಂತ್ರಗಳು ಬಂದಿವೆ. ಉಳಿದಿರುವ ಗುಣಿ ತೆಗೆಯುವ, ಮೂಟೆ ಹೊರುವ ಕೆಲಸಗಳು ಐವತ್ತು ದಾಟಿದವರಿಗೆ ಕಷ್ಟ. ಒಂದು ಕಡೆ ಆಳು ಸಿಗದೆಂಬ ರೈತ, ಇನ್ನೊಂದು ಕಡೆ ಕೆಲಸವಿಲ್ಲದೆ ಕುಳಿತ ಅನುಭವಿ ಕೂಲಿಕಾರ. ಇಬ್ಬರಿಗೂ ನಷ್ಟವೇ.

1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿಗಳು ಮೂಲತಃ 18ರಿಂದ 45 ವರ್ಷದವರಿಗೆಂದು ರೂಪುಗೊಂಡವು. ಬಡ ಕುಟುಂಬದವರಿಗೆ ವೃದ್ಧಾಪ್ಯ ವೇತನ ದೊರೆಯುವುದು 60 ವರ್ಷದಿಂದ, ಸಂಧ್ಯಾ ಸುರಕ್ಷಾ ವೇತನ 65 ವರ್ಷದಿಂದ. ನಡುವಿನ ವರ್ಷಗಳಲ್ಲಿ ದುಡಿಮೆಯೇ ಆಧಾರ. ಆದ್ದರಿಂದ ಈ ವಯಸ್ಸಿನವರಿಗೆ ಶಕ್ತಿಗಿಂತ ತಾಳ್ಮೆ ಮತ್ತು ಕೈಚಳಕ ಬೇಡುವ ಕಸುಬುಗಳನ್ನು ಕಲಿಸುವುದು ಅಗತ್ಯ.

ಸೂಕ್ತ ಕಸುಬುಗಳು

1. ಅಡಿಕೆ ಸಸಿಮಡಿ: ಆಯ್ದ ತಾಯಿಮರಗಳ ಪೂರ್ಣ ಹಣ್ಣಾದ ಅಡಿಕೆಯನ್ನು ನೀರಿಗೆ ಹಾಕಿ, ತೊಟ್ಟು ಮೇಲಾಗಿ ನೆಟ್ಟಗೆ ತೇಲುವುವನ್ನು ಆರಿಸಬೇಕು. ಮರಳು ಮಡಿಯಲ್ಲಿ 5 ಸೆಂ.ಮೀ. ಅಂತರದಲ್ಲಿ, ತೊಟ್ಟು ಮೇಲಿರುವಂತೆ ಊರಬೇಕು. ಸುಮಾರು 3 ತಿಂಗಳಲ್ಲಿ ಎರಡು ಎಲೆ ಬಂದಾಗ ಪಾಲಿಥೀನ್ ಚೀಲಗಳಿಗೆ ವರ್ಗಾಯಿಸಬೇಕು. 12ರಿಂದ 18 ತಿಂಗಳಲ್ಲಿ ಸಸಿ ನಾಟಿಗೆ ಸಿದ್ಧ. ಚೀಲ ತುಂಬುವುದು, ನೀರುಣಿಸುವುದು, ಕಳೆ ತೆಗೆಯುವುದು ನೆರಳಿನ ಕೆಲಸಗಳು.

2. ಬಿತ್ತನೆ ಶೇಂಗಾ: ಕೈಯಿಂದ ಸುಲಿದ ಬೀಜ ಕಡಿಮೆ ಒಡೆಯುತ್ತದೆ. ಇದರಲ್ಲಿ ಹಿರಿಯ ಹೆಣ್ಣುಮಕ್ಕಳ ಕೈ ನುರಿತದ್ದು. ಸುಕ್ಕು ಬೀಜ ಬೇರ್ಪಡಿಸುವುದು ಮತ್ತು ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಲೇಪಿಸುವುದನ್ನು ಜೊತೆಗೆ ಕಲಿಸಿದರೆ ಬಿತ್ತನೆಗೆ ಮುನ್ನ ಊರಲ್ಲೇ ಕೆಲಸ ಸಿಗುತ್ತದೆ.

3. ಎರೆಗೊಬ್ಬರ: ತೋಟದ ಕಸ ಮತ್ತು ಸಗಣಿಯಿಂದ 60ರಿಂದ 75 ದಿನಗಳಲ್ಲಿ ಗೊಬ್ಬರ ತಯಾರಾಗುತ್ತದೆ. ತೇವ ಕಾಯುವುದು, ಜರಡಿ ಹಿಡಿಯುವುದು ಮುಖ್ಯ ಕೆಲಸಗಳು.

ಔಷಧ ಸಿಂಪರಣೆಯನ್ನು ಇವರಿಗೆ ವಹಿಸಬಾರದು. 16 ಲೀಟರ್ ಸಿಂಪರಣಾ ಯಂತ್ರದಲ್ಲಿ ನೀರಿನ ತೂಕವೇ 16 ಕೆ.ಜಿ. ಆಗುತ್ತದೆ.

ತರಬೇತಿಯ ಕ್ರಮ

ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಿ, ತರಬೇತಿಯನ್ನು ಊರಿನಲ್ಲೇ ಏರ್ಪಡಿಸುವುದು ಒಳ್ಳೆಯದು. ದಿನದ ಕೂಲಿ ತಪ್ಪಿದರೆ ಒಲೆ ಉರಿಯದ ಮನೆಗಳಿವೆ. ಆದ್ದರಿಂದ ಬಿಡುವಿನ ಕಾಲದಲ್ಲಿ, ಅರ್ಧ ದಿನದಂತೆ ಹಲವು ದಿನ ನಡೆಸಬೇಕು. ಉಪನ್ಯಾಸಕ್ಕಿಂತ ಪ್ರಾತ್ಯಕ್ಷಿಕೆ ಮೇಲು. ಪ್ರತಿಯೊಬ್ಬರೂ ಕೈಯಾರೆ ಮಾಡಬೇಕು. ಹತ್ತಿರದ ನೋಟ ಮಂಜಾದವರಿಗೆ ಮೊದಲೇ ಕಣ್ಣಿನ ಪರೀಕ್ಷೆ ಮಾಡಿಸಿದರೆ ಅರ್ಧ ಅಡಚಣೆ ಕಳೆದಂತೆ.

ಈಗಾಗಲೇ ನಾರಿನ ಹಗ್ಗ, ಬುಟ್ಟಿ, ಪೊರಕೆ ಮಾಡುತ್ತಿರುವವರಿಗೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ ಅನ್ವಯಿಸುತ್ತದೆ. ಇದಕ್ಕೆ ಕನಿಷ್ಠ ವಯಸ್ಸು 18; ಗರಿಷ್ಠ ಮಿತಿಯಿಲ್ಲ. ತರಬೇತಿಯಲ್ಲಿ ದಿನಕ್ಕೆ 500 ರೂ. ಭತ್ಯೆಯೂ ಸಲಕರಣೆಗೆ 15,000 ರೂ.ವರೆಗೆ ನೆರವೂ ಉಂಟು. ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶ.

ಕೆಲಸದ ಏರ್ಪಾಡು

ಕಲಿತವರಿಗೆ ಕೆಲಸ ಸಿಗದಿದ್ದರೆ ತರಬೇತಿ ವ್ಯರ್ಥ. ಸಸಿ ಬೇಕಾದ ರೈತರು ಮುಂಚಿತವಾಗಿ ಬೇಡಿಕೆ ತಿಳಿಸಿ, ನಾಲ್ಕೈದು ಹಿರಿಯರ ಗುಂಪಿಗೆ ಸಸಿಮಡಿ ಒಪ್ಪಿಸಬಹುದು. ಚೀಲ ತುಂಬಲು ನೂರಕ್ಕೆ ಇಷ್ಟೆಂದೂ ನೋಡಿಕೊಳ್ಳಲು ತಿಂಗಳಿಗೆ ಇಷ್ಟೆಂದೂ ಮೊದಲೇ ಗೊತ್ತುಮಾಡಬೇಕು. ವಯಸ್ಸಾಯಿತೆಂದು ಕೂಲಿ ಇಳಿಸುವುದು ಸಲ್ಲದು. ಆರಿಸಿ ಬೆಳೆಸಿದ ಸಸಿಯ ಬೆಲೆ ಬೆಳೆಸಿದವರ ವಯಸ್ಸಿನಿಂದ ಕಡಿಮೆಯಾಗುವುದಿಲ್ಲ.

ವಿಸ್ತರಣಾ ಕಾರ್ಯಕರ್ತರು ತಮ್ಮ ಊರುಗಳಲ್ಲಿ 45 ದಾಟಿದ ಕೂಲಿಕಾರರ ಹೆಸರು, ಅವರು ಬಲ್ಲ ಕೆಲಸ, ಮಾಡಲಾಗದ ಕೆಲಸಗಳನ್ನು ಪಟ್ಟಿಮಾಡಿಕೊಳ್ಳಬೇಕು. ಮುಂಗಾರಿಗೆ ಮುನ್ನ ಆ ಪಟ್ಟಿ ತೋಟದ ರೈತರ ಕೈ ಸೇರಿದರೆ ಇಬ್ಬರಿಗೂ ಅನುಕೂಲ.